ಅಲ್ಲಾಳಸಂದ್ರದ ಬಳಿ ನಾನು ನೋಡದ ದೀಪ

ಬಸ್ಸು ನಿಂತ ಮೇಲೆ ನಾನು ಮಾಡಿದ ಮೊದಲ ಕೆಲಸ ಗಡಿಯಾರ ನೋಡಿಕೊಂಡದ್ದು. ಆರೂ ಮುಕ್ಕಾಲು. ಎಪ್ಪತ್ತರ ದಶಕದ ಕೊನೆಯ ಒಂದು ಡಿಸೆಂಬರ್. ಹೊತ್ತು ಮುಳುಗಿ ಮುಕ್ಕಾಲು ಗಂಟೆಯಾಗಿತ್ತು. ದೊಡ್ಡಬಳ್ಳಾಪುರದಲ್ಲಿ ನೇಕಾರರ ಸಭೆಯೊಂದನ್ನು ಮುಗಿಸಿಕೊಂಡು ಖಾಸಗಿ ಬಸ್ಸಿನಲ್ಲಿ ಊರಿಗೆ ಮರಳುತ್ತಿದ್ದೆ. ಯಲಹಂಕ ದಾಟಿ, ಅಲ್ಲಾಳಸಂದ್ರ ಕೆರೆಯ ಹತ್ತಿರ ಬರುವಾಗ ಬ್ರೇಕಿನ ಕಿರುಚು ಕೇಳಿತು. ನನ್ನ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿಯಿತು. ಆಮೇಲೆ ಒಂದು ಕುದುರೆ ಕೂಗುವುದು ಕೇಳಿಸಿತು.

ಎಡಗಡೆಯ ಮಣ್ಣು ರಸ್ತೆಯಿಂದ ಡಾಂಬರಿಗೆ ಹತ್ತಿದ ಜಟಕಾ ಗಾಡಿಗೆ ಬಸ್ಸು ಗುದ್ದಿತ್ತು. ಗಾಡಿ ಪಕ್ಕಕ್ಕೆ ಬಿದ್ದಿತ್ತು. ಕುದುರೆ ಹೂಡುವ ಮೂಕಿ ಮುರಿದು, ಕುದುರೆ ಹಗ್ಗ ಎಳೆದುಕೊಂಡು ನಡುಗುತ್ತ ನಿಂತಿತ್ತು. ಗಾಡಿಯ ಚಪ್ಪರದ ಕೆಳಗೆ ಅರುವತ್ತರ ಆಸುಪಾಸಿನ ಹೆಂಗಸೊಬ್ಬರು ಸಿಕ್ಕಿಕೊಂಡಿದ್ದರು. ಗಾಡಿ ಹೊಡೆಯುತ್ತಿದ್ದವರು ಅವರ ತಮ್ಮ, ಯಲಹಂಕದ ಜಟಕಾ ಸಾಹೇಬರು. ಅವರಿಗೆ ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಗಾಯವಿರಲಿಲ್ಲ. "ಆಪಾ, ಆಪಾ" ಎಂದು ಅಕ್ಕನನ್ನು ಕರೆಯುತ್ತಲೇ ಚಪ್ಪರ ಎತ್ತಲು ಹೆಣಗುತ್ತಿದ್ದರು. ನಾವು ಏಳೆಂಟು ಜನ ಸೇರಿ ಎತ್ತಿದೆವು. ಹಿಂದೆ ಬಂದ ತರಕಾರಿ ಲಾರಿಯಲ್ಲಿ ಆಕೆಯನ್ನು ಮಲಗಿಸಿ ಆಸ್ಪತ್ರೆಗೆ ಕಳಿಸಿದೆವು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು. ಅದು ನನಗೆ ತಿಳಿದದ್ದು ಒಂದು ಗಂಟೆಯ ನಂತರ, ಹೆಬ್ಬಾಳದ ಔಷಧಿ ಅಂಗಡಿಯಿಂದ ಆಸ್ಪತ್ರೆಗೆ ಫೋನ್ ಮಾಡಿದಾಗ.

ಲಾರಿ ಹೋದ ಮೇಲೆ ನಾನು ನೋಟ್‌ಬುಕ್ ತೆಗೆದೆ. ನನಗೆ ಕೆಲಸ ಕಲಿಸಿದ ಹಿರಿಯ ವರದಿಗಾರರೊಬ್ಬರು ಮೊದಲ ವಾರದಲ್ಲೇ ಒಂದು ಅಭ್ಯಾಸ ಹಾಕಿಸಿದ್ದರು. ಪುಸ್ತಕ ಬಿಚ್ಚಿದಾಗ ಎಡಗಡೆಯ ಪುಟದಲ್ಲಿ ನಾನು ಕಣ್ಣಾರೆ ಕಂಡದ್ದು ಮಾತ್ರ ಬರೆಯಬೇಕು. ಬೇರೆಯವರು ಹೇಳಿದ್ದು ಬಲಗಡೆಯ ಪುಟಕ್ಕೆ, ಹೇಳಿದವರ ಗುರುತಿನೊಂದಿಗೆ. ಆ ಸಂಜೆಯೂ ಬಸ್ಸಿನ ಮುಂದೀಪದ ಬೆಳಕಿನಲ್ಲಿ ಹಾಗೆಯೇ ಬರೆದುಕೊಂಡೆ. ಚಾಲಕನ ಸೀಟಿನ ಪಕ್ಕ ಹತ್ತಿ ನಿಂತು, ಗಾಜಿನ ಮೂಲಕ ಬಿದ್ದ ಗಾಡಿಯನ್ನು ನೋಡಿ ಎಷ್ಟು ದೂರವಿದೆ ಎಂದು ಅಂದಾಜು ಮಾಡಿದೆ. ಚಾಲಕ ತಲೆಗೆ ಕೈಕೊಟ್ಟು ಕೂತಿದ್ದ. ಕಂಡಕ್ಟರ್ ಮಾತ್ರ ಮಾತಾಡುತ್ತಿದ್ದ.

"ಬರ್ಕೊಳಿ ಸಾರ್, ಬರ್ಕೊಳಿ. ದೀಪಾನೇ ಇಲ್ಲ ಗಾಡೀಲಿ. ಕತ್ಲಲ್ಲಿ ಕರೀ ಗಾಡಿ ತಂದು ಅಡ್ಡ ಹಾಕಿದ್ರೆ ನಮ್ ಡ್ರೈವರ್ ಏನ್ ದೇವ್ರಾ ಕಣ್ರೀ?"

ಜಟಕಾಗಳಿಗೆ ಹೊತ್ತು ಮುಳುಗಿದ ಮೇಲೆ ಬಲಬದಿಯಲ್ಲಿ ಗಾಜಿನ ಸೀಮೆಎಣ್ಣೆ ದೀಪ ಉರಿಯುತ್ತಿರಬೇಕೆಂಬುದು ನಿಯಮ. ದೀಪ ಹಚ್ಚದೆ ರಸ್ತೆಗೆ ಇಳಿದಿದ್ದರೆ ತಪ್ಪು ಗಾಡಿಯವರದು; ಹಚ್ಚಿದ್ದರೆ ಬಸ್ಸಿನವರದು. ಮುಂದಿನ ಎರಡು ವರ್ಷ ಎಲ್ಲವೂ ನಿಂತದ್ದು ಈ ಒಂದು ಪ್ರಶ್ನೆಯ ಮೇಲೆ.

ಔಷಧಿ ಅಂಗಡಿಯ ಫೋನಿನಲ್ಲೇ ನಮ್ಮ ಪತ್ರಿಕೆಯ ಡೆಸ್ಕಿಗೆ ವರದಿ ಹೇಳಿ ಬರೆಸಿದೆ. ನಾನು ಹೇಳಿದ ವಾಕ್ಯ, "ಗಾಡಿಯಲ್ಲಿ ದೀಪವಿರಲಿಲ್ಲ ಎಂದು ಬಸ್ಸಿನ ಕಂಡಕ್ಟರ್ ತಿಳಿಸಿದರು." ಮರುದಿನ ಬೆಳಿಗ್ಗೆ ಯಶವಂತಪುರದ ಮನೆಯಲ್ಲಿ ಕಾಫಿ ಕುಡಿಯುತ್ತ ಓದಿದಾಗ ಮೂರನೇ ಪುಟದ ಕೆಳಗೆ ಐದು ಸಾಲು ಇತ್ತು. "ದೀಪವಿಲ್ಲದೆ ಹೆದ್ದಾರಿಗೆ ಬಂದ ಜಟಕಾ ಗಾಡಿಗೆ ಬಸ್ಸು ಡಿಕ್ಕಿ ಹೊಡೆದು" ಎಂದು ಶುರುವಾಗಿತ್ತು. ಕಂಡಕ್ಟರ್ ಮಾಯವಾಗಿದ್ದ. ಅದು ನನಗೆ ಕಾಣದೆ ಇರಲಿಲ್ಲ. ಚೆನ್ನಾಗಿ ಕತ್ತರಿಸಿದ್ದಾರೆ ಎಂದುಕೊಂಡು ಪುಟ ತಿರುಗಿಸಿದೆ. ದಿನವೂ ಹತ್ತಾರು ವರದಿಗಳಿಗೆ ಆಗುವುದು ಇದೇ. ಜಾಗ ಸಾಲದಿದ್ದರೆ ಮೊದಲು ಹೋಗುವುದು ಹೇಳಿದವರ ಹೆಸರು. ಹೇಳಿದ ಮಾತು ಉಳಿಯುತ್ತದೆ.

ಆಮೇಲಿನ ದಿನಗಳಲ್ಲಿ ಆ ಅಪಘಾತವನ್ನು ನಾನು ಬಹಳ ಸಲ ಹೇಳಿದೆ. ಕಚೇರಿಯ ಕ್ಯಾಂಟೀನಿನಲ್ಲಿ, ಮನೆಯಲ್ಲಿ, ಹಣೆಯ ಗಾಯ ನೋಡಿ ಕೇಳಿದವರಿಗೆಲ್ಲ. ಹೇಳುತ್ತ ಹೇಳುತ್ತ ಒಂದು ಚಿತ್ರ ಗಟ್ಟಿಯಾಯಿತು. ಬಸ್ಸಿನ ಮುಂಗಾಜು, ಅದರಾಚೆ ಕತ್ತಲು, ಎಡದಿಂದ ಮೆಲ್ಲಗೆ ಹತ್ತಿ ಬರುವ ದೀಪವಿಲ್ಲದ ಕಪ್ಪು ಗಾಡಿ. ಹತ್ತು ದಿನದ ನಂತರ ಸಬ್ ಇನ್ಸ್‌ಪೆಕ್ಟರ್ ಕಚೇರಿಗೆ ಬಂದು ನನ್ನ ಹೇಳಿಕೆ ಕೇಳಿದರು. ಅವರ ಕೈಯಲ್ಲಿ ನಮ್ಮ ಪತ್ರಿಕೆಯ ತುಣುಕಿತ್ತು. ಓದಿಕೊಂಡೇ ಪ್ರಶ್ನೆ ಕೇಳಿದರು. ನಾನು ನೋಟ್‌ಬುಕ್ ತೆಗೆಯುವ ಗೋಜಿಗೆ ಹೋಗಲಿಲ್ಲ. ಇಷ್ಟು ಸ್ಪಷ್ಟವಾಗಿ ನೆನಪಿರುವುದಕ್ಕೆ ನೋಟ್‌ಬುಕ್ ಏಕೆ ಬೇಕು? "ದೀಪವಿಲ್ಲದ ಗಾಡಿ ರಸ್ತೆಗೆ ಬಂದದ್ದನ್ನು ನಾನು ನೋಡಿದೆ" ಎಂದು ಹೇಳಿದೆ. ಕಂಡಕ್ಟರೂ ನೋಡಿದೆನೆಂದೇ ಹೇಳಿದ್ದಾನೆ ಎನ್ನುತ್ತ ಅವರು ಬರೆದುಕೊಂಡರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪ ಜಟಕಾ ಸಾಹೇಬರ ಮೇಲೆ ಬಿತ್ತು. ಸಾಬೀತಾದರೆ ಜೈಲು.

ಕೋರ್ಟಿನಿಂದ ಸಮನ್ಸ್ ಬರುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ಮೊದಲ ದಿನ ಮ್ಯಾಜಿಸ್ಟ್ರೇಟರು ರಜೆಯಲ್ಲಿದ್ದರು. ಕೇಸು ಮೂರು ವಾರ ಮುಂದೆ ಹೋಯಿತು. ನಾನು ಹೊರಡುವಾಗ ವರಾಂಡದಲ್ಲಿ ಮೂವತ್ತರ ವಯಸ್ಸಿನ ಒಬ್ಬರು ತಡೆದರು. ಆರ್.ಟಿ. ನಗರದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡವರು, ತೀರಿಹೋದ ಹೆಂಗಸಿನ ಮಗ.

"ಸಾರ್, ನೀವೇ ಅಲ್ವಾ ನೋಡಿದ್ದು? ಪೇಪರ್‌ನಲ್ಲಿ ಬರೆದಿದ್ದು?"

ಹೌದೆಂದೆ.

"ನಿಮ್ಮಿಂದಾನೇ ನಮಗೆ ಸತ್ಯ ಗೊತ್ತಾಗಿದ್ದು. ಮಾಮೂ ದೀಪ ಹಚ್ಚಿದ್ದೆ ಅಂತ ಅವತ್ತು ರಾತ್ರಿ ಆಸ್ಪತ್ರೇಲಿ ಎಲ್ಲರ ಮುಂದೆ ಅತ್ಕೊಂಡು ಹೇಳಿದ್ರು. ನಾವೂ ನಂಬಿದ್ವಿ. ಮಾರನೇ ದಿನ ಪೇಪರ್ ಬಂತು." ಅವರು ಜೇಬಿನಿಂದ ಮಡಿಸಿದ ತುಣುಕು ತೆಗೆದು ತೋರಿಸಿದರು. ಮಡಿಕೆಯಲ್ಲಿ ಹರಿದು ಹೋಗಿತ್ತು. "ಅಮ್ಮೀನ ಕೊಂದು, ಮೇಲೆ ಸುಳ್ಳು ಬೇರೆ. ನಾನ್ ಅವರ ಹತ್ರ ಮಾತಾಡಿ ಒಂದೂವರೆ ವರ್ಷ ಆಯ್ತು."

ವರಾಂಡದ ಆ ತುದಿಯಲ್ಲಿ ಜಟಕಾ ಸಾಹೇಬರು ವಕೀಲರ ಪಕ್ಕ ನಿಂತಿದ್ದರು. ನಮ್ಮತ್ತ ನೋಡಲಿಲ್ಲ.

ನನಗೆ ಆಗ ಸಂಶಯವೇನೂ ಬರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಬಂದದ್ದು ಒಂದು ಸಣ್ಣ ಕಿರಿಕಿರಿ. ಸಾಕ್ಷಿ ಕಟಕಟೆ ಹತ್ತುವ ಮೊದಲು ಟಿಪ್ಪಣಿ ನೋಡಿಕೊಳ್ಳುವುದು ಕಚೇರಿಯ ಶಿಸ್ತು, ನಾನು ಅದನ್ನು ಮಾಡಿರಲಿಲ್ಲ. ಆ ಭಾನುವಾರ ಟ್ರಂಕಿನಿಂದ ಹಳೆಯ ನೋಟ್‌ಬುಕ್‌ಗಳ ಕಟ್ಟು ಇಳಿಸಿ ಆ ಡಿಸೆಂಬರಿನ ಪುಸ್ತಕ ಹುಡುಕಿದೆ.

ಎಡಪುಟದಲ್ಲಿ ಹೀಗಿತ್ತು. "6.45. ಹಿಂದಿನಿಂದ ಎರಡನೇ ಸೀಟು, ಬಲಗಡೆ. ನಿಂತವರು ತುಂಬ. ಸಭೆಯ ಟಿಪ್ಪಣಿ ಓದುತ್ತಿದ್ದೆ. ಬ್ರೇಕ್. ಹಣೆಗೆ ಕಂಬಿ. ಇಳಿದೆ. ಗಾಡಿ ಎಡಕ್ಕೆ ಬಿದ್ದಿದೆ. ಮೂಕಿ ಮುರಿದಿದೆ. ರಸ್ತೆ ಮೇಲೆ ಗಾಜಿನ ಚೂರು." ಬಲಪುಟದಲ್ಲಿ ಮೊದಲ ಸಾಲು, "ದೀಪ ಇರಲಿಲ್ಲ. ಕಂಡಕ್ಟರ್."

ಎಡಪುಟದಲ್ಲಿ ದೀಪದ ಮಾತೇ ಇರಲಿಲ್ಲ.

ಆ ಪುಟವನ್ನು ಬಹಳ ಹೊತ್ತು ನೋಡಿದೆ. ಹಿಂದಿನಿಂದ ಎರಡನೇ ಸೀಟು. ಬಲಗಡೆ. ತಲೆ ತಗ್ಗಿಸಿ ಓದುತ್ತಿದ್ದವನು. ಹಾಗಿದ್ದರೆ ನನ್ನ ಕಣ್ಣ ಮುಂದಿರುವ ಮುಂಗಾಜಿನ ಚಿತ್ರ ಯಾರದು?

ಬರೆದದ್ದನ್ನೂ ಪರೀಕ್ಷಿಸದೆ ನಂಬಬಾರದು. ಒಂದು ಸಂಜೆ ದೊಡ್ಡಬಳ್ಳಾಪುರಕ್ಕೆ ಹೋಗಿ ಅದೇ ಹೊತ್ತಿನ ಅದೇ ಬಸ್ಸು ಹಿಡಿದೆ. ಹಿಂದಿನಿಂದ ಎರಡನೇ ಸಾಲಿನಲ್ಲಿ ಬಲಗಡೆ ಕೂತಿದ್ದವರನ್ನು ಕೇಳಿಕೊಂಡು ಜಾಗ ಬದಲಿಸಿಕೊಂಡೆ. "ಕಿಟಕಿಗೋಸ್ಕರ ಇಷ್ಟೊಂದಾ ಸ್ವಾಮಿ?" ಎಂದು ಅವರು ನಕ್ಕರು. ಯಲಹಂಕದಲ್ಲಿ ಬಸ್ಸು ತುಂಬಿತು. ಅಲ್ಲಿಂದ ಹೆಬ್ಬಾಳದವರೆಗೆ ಕತ್ತು ಚಾಚಿ, ಎದ್ದು, ಬಗ್ಗಿ, ಎಲ್ಲ ರೀತಿಯಲ್ಲೂ ನೋಡಿದೆ. ಬೆನ್ನುಗಳು, ಚೀಲಗಳು, ಮೇಲಿನ ಕಂಬಿ ಹಿಡಿದ ಕೈಗಳು. ಮುಂಗಾಜು ಒಂದು ಅಂಗೈ ಅಗಲದಷ್ಟೂ ಕಾಣಲಿಲ್ಲ. ಎಡಗಡೆಯ ರಸ್ತೆ ಬದಿ ಎಲ್ಲಿಯೂ ಕಾಣಲಿಲ್ಲ.

ಹೆಬ್ಬಾಳದಲ್ಲಿ ಇಳಿದು ಮುಂಬಾಗಿಲಿಗೆ ಹೋದಾಗ ಅದು ಹೇಗೆ ಆಯಿತೆಂದು ಹೊಳೆಯಿತು. ಅಪಘಾತವಾದ ಮೇಲೆ ನಾನು ಚಾಲಕನ ಪಕ್ಕ ಹತ್ತಿ ನಿಂತು ಆ ಗಾಜಿನ ಮೂಲಕ ನೋಡಿದ್ದು ನಿಜ. ಆಗ ಬಿದ್ದ ಗಾಡಿಯಲ್ಲಿ ದೀಪ ಉರಿಯುತ್ತಿರಲಿಲ್ಲ, ಉರಿಯುವುದು ಸಾಧ್ಯವೂ ಇರಲಿಲ್ಲ. ಆ ಹೊತ್ತಿನಲ್ಲೇ ಕಂಡಕ್ಟರ್ ಕಿವಿಯ ಹತ್ತಿರ ಮಾತಾಡುತ್ತಿದ್ದ. ಮರುದಿನ ಅಚ್ಚಾದ ಸಾಲು ಇವೆರಡನ್ನೂ ಹೊಲಿದಿತ್ತು. ಡಿಕ್ಕಿಯ ನಂತರ ಕಂಡದ್ದು ಡಿಕ್ಕಿಯ ಮುಂಚೆಗೆ ಸರಿದಿತ್ತು. ಬಿದ್ದ ಗಾಡಿ ಎದ್ದು ನಡೆದು ಬಂದಿತ್ತು. ಇದನ್ನು ನಾನು ಬೇಕೆಂದು ಮಾಡಲಿಲ್ಲ. ಮಾಡುತ್ತಿದ್ದೇನೆಂದು ನನಗೆ ತಿಳಿಯಲೂ ಇಲ್ಲ. ಎಷ್ಟು ಸಲ ಹೇಳಿದೆನೋ ಅಷ್ಟು ಸಲ ಅದು ಹೊಸದಾಗಿ ಕಂಡಿತು. ಹೊಸದಾಗಿ ಕಂಡದ್ದರಿಂದಲೇ ನಿಜವೆನ್ನಿಸಿತು.

ಕಂಡಕ್ಟರ್ ಅದೇ ಮನುಷ್ಯ. ಗುರುತು ಹಿಡಿದ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಟೀ ಕುಡಿಯುತ್ತ ಕೇಳಿದೆ, "ಅವತ್ತು ನೀವು ಗಾಡೀನ ನೋಡಿದ್ರಾ? ಗುದ್ದೋಕೆ ಮುಂಚೆ?"

"ನಾನೆಲ್ಲಿ ನೋಡ್ಲಿ ಸಾರ್? ಯಲಹಂಕ ಟಿಕೆಟ್ ಹರೀತಾ ಇದ್ದೆ, ಮಧ್ಯದಲ್ಲಿ. ಡ್ರೈವರ್ರೇ ಕೂಗ್ಕೊಂಡಿದ್ದು, ದೀಪ ಇಲ್ಲ, ದೀಪ ಇಲ್ಲ ಅಂತ."

"ಮತ್ತೆ ಪೊಲೀಸ್ರಿಗೆ ನೋಡಿದೆ ಅಂದಿದ್ದೀರಿ."

ಅವನಿಗೆ ನನ್ನ ಪ್ರಶ್ನೆ ವಿಚಿತ್ರವೆನ್ನಿಸಿತು. "ಏನ್ ಸಾರ್ ನೀವು! ನೀವೇ ಪೇಪರ್‌ನಲ್ಲಿ ಹಾಕಿದ್ರಲ್ಲ. ಓದಿದ್ಮೇಲೆ ನನಗೂ ಸರಿಯಾಗಿ ನೆನಪಾಯ್ತು. ಪೇಪರ್ ಸುಳ್ಳು ಹೇಳುತ್ತಾ?"

ಅವನು ಹೇಳಿದ್ದನ್ನು ನಾನು ಬರೆದಿದ್ದೆ. ನಾನು ಬರೆದದ್ದನ್ನು ಓದಿ ಅವನು ನೆನಪಿಸಿಕೊಂಡಿದ್ದ. ಇಬ್ಬರೂ ಪೊಲೀಸರ ಮುಂದೆ ಒಂದೇ ಮಾತು ಹೇಳಿದ್ದರಿಂದ ಇಬ್ಬರ ಸಾಕ್ಷಿಯೂ ಬಲವಾಗಿ ಕಂಡಿತ್ತು. ಮೂಲದಲ್ಲಿ ಇದ್ದದ್ದು ಒಬ್ಬ ಚಾಲಕನ ಕೂಗು. ತನ್ನ ಬಸ್ಸಿನಿಂದ ಒಂದು ಜೀವ ಹೋಗುತ್ತಿದೆ ಎಂದು ಗೊತ್ತಾದ ಕ್ಷಣದ ಕೂಗು.

ಮರುದಿನ ನಮ್ಮ ಮುಖ್ಯ ಉಪಸಂಪಾದಕರ ಮೇಜಿನ ಮುಂದೆ ಕೂತು ಎಲ್ಲ ಹೇಳಿದೆ. ಧಾರವಾಡ ಕಡೆಯವರು, ಅಂದು ವರದಿಯನ್ನು ಆ ಐದು ಸಾಲಿಗೆ ಇಳಿಸಿದವರು ಅವರೇ. ಕನ್ನಡಕ ತೆಗೆದು ಒರೆಸಿಕೊಂಡರು.

"ನಾ ಕಂಡಕ್ಟರ್‌ನ ತಗದೆ, ಖರೆ. ಐದ ಸಾಲಿನ್ಯಾಗ ಎಷ್ಟ ಮಂದೀನ್ ಕೂಡಸ್ಲಿಕ್ಕೆ ಬರ್ತದ್ರೀ? ಅದೇನ್ ಬಸ್ಸೇನು?"

ನನಗೆ ನಗು ಬರಲಿಲ್ಲ. ಅವರಿಗೂ ಬಂದಿರಲಿಲ್ಲ.

"ಈಗೇನ್ ಮಾಡವ್ರು ನೀವು? ಕೋರ್ಟಿಗೆ ಹೋಗಿ ನಮ್ಮ ಪೇಪರ್ ಸುಳ್ಳು ಅಂತ ಹೇಳವ್ರ?"

"ನಾನು ನೋಡಿಲ್ಲ ಅಂತ ಹೇಳ್ತೀನಿ."

"ಪೊಲೀಸ್ರಿಗೆ ನೋಡೀನಿ ಅಂದ್ರಿ. ಈಗ ಇಲ್ಲ ಅಂದ್ರ ತಿರುಗಿಬಿದ್ದ ಸಾಕ್ಷಿ ಅಂತಾರ. ರೊಕ್ಕಾ ತಿಂದಾನ ಅಂತಾರ. ನಾಳಿಗೆ ನೀವ್ ಬರೆದದ್ದ ಯಾರ್ ನಂಬ್ತಾರ? ವಿಚಾರ ಮಾಡ್ರಿ. ಆ ಗಾಡಿಯಾಂವ ದೀಪ ಹಚ್ಚಿರಲಿಕ್ಕಿಲ್ಲ ಅಂತನ ಅನ್ಕೋರಿ. ಆಗ ನೀವು ಮಾಡೂದು ಏನು? ತಪ್ಪು ಮಾಡಿದಾಂವನ್ನ ಬಿಡಸೂದು."

ಅದು ನ್ಯಾಯವಾದ ಮಾತು. ಎರಡು ದಿನ ಅದನ್ನೇ ತೂಗಿ ನೋಡಿದೆ. ಅವರು ದೀಪ ಹಚ್ಚಿರಲಿಲ್ಲವಾದರೆ? ಉತ್ತರ ನನ್ನಲ್ಲಿರಲಿಲ್ಲ. ಆದರೆ ಉತ್ತರ ಇಲ್ಲದಿರುವುದೇ ನನ್ನ ಬಳಿ ಇರುವ ಏಕೈಕ ಸಂಗತಿ ಎಂದು ಕೊನೆಗೆ ತೀರ್ಮಾನಿಸಿದೆ. ನನ್ನನ್ನು ಕರೆಸಿದ್ದು ನೋಡಿದವನೆಂದು. ನೋಡಿಲ್ಲವೆಂದ ಮೇಲೆ ತೀರ್ಪು ಏನಾಗುತ್ತದೆಂಬುದು ನನ್ನ ಕೆಲಸವಲ್ಲ. ಸಂಪಾದಕರಿಗೆ ಒಂದು ಪುಟದ ಪತ್ರ ಬರೆದು ತಿಳಿಸಿದೆ. ಅವರು ಕರೆಯಲೂ ಇಲ್ಲ, ತಡೆಯಲೂ ಇಲ್ಲ.

ಕಟಕಟೆ ಹತ್ತಿದಾಗ ಸರ್ಕಾರಿ ವಕೀಲರು ಹೇಳಿಕೆಯಲ್ಲಿದ್ದಂತೆಯೇ ಮೊದಲು ಮಾಡಿದರು. ಬಸ್ಸು, ಹೊತ್ತು, ಸ್ಥಳ. ನಂತರ, "ದೀಪವಿಲ್ಲದ ಗಾಡಿ ರಸ್ತೆಗೆ ಬಂದದ್ದನ್ನು ನೀವು ನೋಡಿದಿರಿ?"

"ಇಲ್ಲ."

ಅವರು ಕಾಗದದಿಂದ ತಲೆ ಎತ್ತಿದರು. ಪ್ರಶ್ನೆಯನ್ನು ಇನ್ನೊಮ್ಮೆ, ನಿಧಾನವಾಗಿ ಕೇಳಿದರು. ನಾನು ಅದೇ ಉತ್ತರ ಕೊಟ್ಟೆ. ಅವರು ನನ್ನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಬೇಕೆಂದು ಕೇಳಿಕೊಂಡು, ಪಾಟೀಸವಾಲಿಗೆ ನಿಂತರು.

"ಪೊಲೀಸರ ಮುಂದೆ ಸುಳ್ಳು ಹೇಳಿದಿರಾ?"

"ನೋಡಿದ್ದೇನೆಂದೇ ನಂಬಿ ಹೇಳಿದೆ. ನೋಡಿರಲಿಲ್ಲ."

"ಆರೋಪಿ ನಿಮ್ಮನ್ನು ಭೇಟಿಯಾಗಿದ್ದರೇ?"

"ಇಲ್ಲ."

"ಹಾಗಾದರೆ ದೀಪ ಉರಿಯುತ್ತಿತ್ತು ಎನ್ನುತ್ತೀರಾ?"

"ಅದನ್ನೂ ನೋಡಿಲ್ಲ."

ನೋಟ್‌ಬುಕ್ ಕೊಟ್ಟೆ. ಎಡಪುಟ, ಬಲಪುಟದ ಪದ್ಧತಿ ವಿವರಿಸಿದೆ. ಮುಂಗಾಜಿನ ಚಿತ್ರ ನನ್ನೊಳಗೆ ಹೇಗೆ ಹುಟ್ಟಿತೆಂದೂ ಹೇಳಿದೆ. ಮ್ಯಾಜಿಸ್ಟ್ರೇಟರು ಎರಡೂ ಪುಟಗಳನ್ನು ತಾವೇ ಓದಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಮುಂಗಾಜಿನಲ್ಲಿ ಕಂಡ ಚಿತ್ರ ಎಂದಿರಲ್ಲ, ಅದು ಈಗಲೂ ಬರುತ್ತದೆಯೇ?"

"ಬರುತ್ತದೆ ಸ್ವಾಮಿ. ಮೊದಲಿನಷ್ಟೇ ಸ್ಪಷ್ಟವಾಗಿ."

ಅವರು ಅದನ್ನು ಬರೆಸಲಿಲ್ಲ. ನಾನು ಕೆಳಗಿಳಿಯುವಾಗ ಹಿಂದಿನ ಬೆಂಚಿನಲ್ಲಿದ್ದ ಆರ್.ಟಿ. ನಗರದ ಮಗ ಎದ್ದು ಹೊರಗೆ ಹೋದರು. ವರಾಂಡದಲ್ಲಿ ಎದುರಾದಾಗ, "ಎಷ್ಟಕ್ಕೆ ಸಾರ್?" ಎಂದಷ್ಟೇ ಕೇಳಿ ಮೆಟ್ಟಿಲಿಳಿದರು. ಏನು ಹೇಳಿದರೂ ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಕಂಡಕ್ಟರ್ ಕಟಕಟೆಯಲ್ಲಿ ತಾನು ನೋಡಿದೆನೆಂದೇ ಹೇಳಿದ. ಆದರೆ ಪಾಟೀಸವಾಲಿನಲ್ಲಿ, ಆ ಹೊತ್ತಿನಲ್ಲಿ ಬಸ್ಸಿನ ಮಧ್ಯದಲ್ಲಿ ಟಿಕೆಟ್ ಕೊಡುತ್ತಿದ್ದುದನ್ನು ಒಪ್ಪಿಕೊಂಡ. ಚಾಲಕ, ಬಸ್ಸಿನ ಬೆಳಕಿನಲ್ಲಿ ಕುದುರೆ ಕಂಡೊಡನೆ ಬ್ರೇಕ್ ಹಾಕಿದೆ, ದೀಪ ಇಲ್ಲವೆಂದು ಕೂಗಿದ್ದು ಗುದ್ದಿದ ಮೇಲೆ ಎಂದ. ಪೊಲೀಸ್ ಮಹಜರಿನಲ್ಲಿ "ಒಡೆದ ದೀಪ ಒಂದು" ಎಂದಿತ್ತು. ಉರಿದದ್ದೋ ಉರಿಯದ್ದೋ ಯಾರೂ ಪರೀಕ್ಷಿಸಿರಲಿಲ್ಲ. ಸಂಶಯದ ಲಾಭ ಕೊಟ್ಟು ಜಟಕಾ ಸಾಹೇಬರನ್ನು ಬಿಡುಗಡೆ ಮಾಡಿದರು.

ನಾನು ಎರಡು ಸಾಲಿನ ತಿದ್ದುಪಡಿ ಬರೆದು ಡೆಸ್ಕಿಗೆ ಕೊಟ್ಟೆ. ಮುಖ್ಯ ಉಪಸಂಪಾದಕರು ಓದಿ ಪಕ್ಕಕ್ಕಿಟ್ಟರು. "ಎರಡ ವರ್ಷದ ಹಿಂದಿಂದು ಯಾರಿಗೆ ನೆನಪೈತ್ರೀ ಈಗ?"

"ಎಲ್ಲರಿಗೂ ಅದೇ ನೆನಪಿದೆ ಸಾರ್. ತೊಂದರೆ ಅದೇ."

ಅವರು ಕಾಗದವನ್ನು ಮತ್ತೆ ಕೈಗೆತ್ತಿಕೊಂಡರು. ವಾರದ ಮೇಲೆ ತಿದ್ದುಪಡಿ ಆರನೇ ಪುಟದಲ್ಲಿ ಬಂತು, ಮಾರುಕಟ್ಟೆ ಧಾರಣೆಯ ಕೆಳಗೆ. ಕತ್ತರಿಸಿರಲಿಲ್ಲ.

ಅದಾಗಿ ಒಂದು ತಿಂಗಳಿಗೆ, ಭಾನುವಾರ ಬೆಳಿಗ್ಗೆ ಜಟಕಾ ಸಾಹೇಬರು ಯಶವಂತಪುರದ ಮನೆ ಹುಡುಕಿಕೊಂಡು ಬಂದರು. ಕೃತಜ್ಞತೆ ಹೇಳಲು ಬಂದಿದ್ದಾರೆಂದು ಭಾವಿಸಿ ನನಗೆ ಸಂಕೋಚವಾಯಿತು. ಅವರು ಬಂದದ್ದು ಅದಕ್ಕಲ್ಲ. ಕುರ್ಚಿಯ ಅಂಚಿನಲ್ಲಿ ಕೂತರು. ಕೊಟ್ಟ ಚಹಾ ಕುಡಿಯಲಿಲ್ಲ.

"ಒಂದ್ ಮಾತ್ ಕೇಳ್ಬೇಕಿತ್ತು ಸಾರ್. ಕೋರ್ಟಲ್ಲಿ ಕೇಳೋಕಾಗಲ್ಲ. ವಕೀಲ್ರು ಬೈತಾರೆ."

"ಕೇಳಿ."

"ನಾನ್ ದೀಪ ಹಚ್ಚಿದ್ನಾ?"

ನಾನು ಅವರ ಮುಖ ನೋಡಿದೆ.

"ಮೊದ್ಲೆಲ್ಲಾ ಗೊತ್ತಿತ್ತು ಸಾರ್. ಆಪಾನೇ ಸೆರಗು ಅಡ್ಡ ಹಿಡಿದ್ಳು, ಗಾಳಿ ಇತ್ತು, ಎರಡನೇ ಕಡ್ಡೀಲಿ ಹತ್ಕೊಂಡ್ತು. ಹಂಗಂತ ನೆನಪಿತ್ತು. ಎಲ್ರೂ ಇಲ್ಲ ಇಲ್ಲ ಅಂದ್ರು. ಪೇಪರ್ ಇಲ್ಲ ಅಂತು. ಪೊಲೀಸ್ರು, ಆಪಾ ಮಗ ನಮ್ ಭಾಂಜಾ, ಎಲ್ರೂ. ಈಗ ಆ ಸೆರಗು ಅವತ್ತಿಂದೋ, ಅದಕ್ಕೂ ಮುಂಚೆ ಯಾವತ್ತಿಂದೋ ಗೊತ್ತಾಗ್ತಿಲ್ಲ. ಕಣ್ ಮುಚ್ಚಿದ್ರೆ ದೀಪ ಇಲ್ದಿರೋ ಗಾಡೀನೇ ಬರುತ್ತೆ." ಮುಂದಕ್ಕೆ ಬಾಗಿ ಹೇಳಿದರು, "ಜೈಲ್ ತಪ್ತು. ಅದ್ ಸರಿ. ಆದ್ರೆ ಆಪಾನ್ನ ನಾನೇ ಕೊಂದ್ನಾ? ನೀವು ಬರೆದಿಟ್ಕೊಳ್ಳೋರು. ನಿಮಗೆ ಗೊತ್ತಿರುತ್ತೆ."

ಹಚ್ಚಿದ್ದಿರಿ ಎಂದು ಹೇಳಿಬಿಡುವುದು ಆ ಕ್ಷಣದಲ್ಲಿ ಬಹಳ ಸುಲಭವಿತ್ತು. ನಾನು ಹೇಳಿದ್ದರೆ ಅವರು ನಂಬುತ್ತಿದ್ದರು. ಆರು ತಿಂಗಳಲ್ಲಿ ಅದು ಅವರ ಸ್ವಂತ ನೆನಪೇ ಆಗುತ್ತಿತ್ತು, ಉರಿಯುವ ದೀಪದ ಬಣ್ಣದ ಸಮೇತ. ಒಬ್ಬ ಮನುಷ್ಯನ ನೆನಪನ್ನು ನಾನು ಒಮ್ಮೆ ಹಾಗೆ ಬದಲಿಸಿದ್ದೆ. ಎರಡನೇ ಸಲ ಮಾಡಲು ಕೈ ಬರಲಿಲ್ಲ.

"ನನಗೆ ಗೊತ್ತಿಲ್ಲ. ನಾನು ನೋಡಿಲ್ಲ. ಆ ಪುಸ್ತಕದಲ್ಲೂ ಇಲ್ಲ. ಕಂಡಕ್ಟರ್ ಸಹ ನೋಡಿಲ್ಲ. ನಿಮ್ಮ ಗಾಡಿಯಲ್ಲಿ ದೀಪ ಇರಲಿಲ್ಲ ಅನ್ನೋದನ್ನ ಕಣ್ಣಾರೆ ನೋಡಿದೋರು ಯಾರೂ ನನಗೆ ಸಿಕ್ಕಿಲ್ಲ. ಇಷ್ಟು ಹೇಳಬಲ್ಲೆ. ಇದಕ್ಕಿಂತ ಜಾಸ್ತಿ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ."

ಅವರು ತಲೆಯಾಡಿಸಿದರು. "ನೀವ್ ಒಬ್ರಾದ್ರೂ ಗೊತ್ತಿಲ್ಲ ಅಂದ್ರಲ್ಲ. ಮಿಕ್ಕಿದೋರಿಗೆಲ್ಲಾ ಗೊತ್ತು." ಆಮೇಲೆ ಕೇಳಿದರು, "ಇದ್ನೇ ಒಂದ್ ಕಾಗದದ ಮೇಲೆ ಬರ್ಕೊಡ್ತೀರಾ? ಭಾಂಜಾಗೆ ಕೊಡ್ಬೇಕು. ಆರನೇ ಪುಟ ಅವನು ನೋಡಿಲ್ವಂತೆ. ನಾನ್ ಬಾಯಲ್ಲಿ ಹೇಳಿದ್ರೆ ಬಾಗಿಲು ಹಾಕ್ಕೋತಾನೆ."

ಬರೆದೆ. "ಆ ದಿನ ಗಾಡಿಯಲ್ಲಿ ದೀಪವಿತ್ತೋ ಇಲ್ಲವೋ ನಾನು ನೋಡಿಲ್ಲ. ಇರಲಿಲ್ಲವೆಂದು ಬರೆದದ್ದು ಬೇರೆಯವರು ಹೇಳಿದ ಮಾತು." ಅವರಿಗೆ ಕನ್ನಡ ಓದಲು ಬಾರದು. ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದರು. ಕೈ ಚಾಚಿ ಕಾಗದ ತೆಗೆದುಕೊಂಡವರು ಕೆಳಗಿನ ಖಾಲಿ ಜಾಗ ನೋಡಿ ಮತ್ತೆ ನನ್ನ ಮುಂದಿಟ್ಟರು.

"ನಿಮ್ ಹೆಸ್ರು ಹಾಕಿ ಸಾರ್. ಪೇಪರ್‌ನಲ್ಲಿ ಯಾರ್ ಹೆಸ್ರೂ ಇರ್ಲಿಲ್ಲ. ಅದಕ್ಕೇ ಎಲ್ರೂ ನಂಬಿದ್ರು."

ನಾನು ಹೆಸರು ಬರೆದೆ.